ಸೆಕೆಯಲ್ಲ, ಝಳ

ಆ ದಿನ ಮಾಡಿದ ಕೆಲಸಗಳು: ಐದಕ್ಕೆ ಎದ್ದದ್ದು. ಮೋಟರು ಹಾಕಿದ್ದು, ಟ್ಯಾಂಕು ತುಂಬಿ ಹೊರಗೆ ಚೆಲ್ಲುವತನಕ ಮರೆತದ್ದು, ಬೈಸಿಕೊಂಡದ್ದು. ಮಧ್ಯಾಹ್ನಕ್ಕೆ ಟ್ಯಾಂಕಿನ ನೀರು ಕೈಯಿಡಲು ಬಾರದಂತೆ ಕಾಯುತ್ತದೆಂದು ಮೂರು ಬಕೆಟ್ ಹಿಡಿದು ಬಚ್ಚಲಲ್ಲಿ ಮುಚ್ಚಿಟ್ಟದ್ದು. ಕೂಲರಿನ ಹುಲ್ಲು ತೊಳೆದು ಬಿಗಿದದ್ದು. ಕಾಂಪೌಂಡಿನ ಮೇಲೆ ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟದ್ದು. ಸ್ಕೂಟರ್ ಒರೆಸಿ ಗಾಳಿ ಹೊಡೆಸಿಕೊಂಡು ಬಂದದ್ದು. ಮಗಳ ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆದು ಮೂಲೆಗೆ ಅರಿಶಿನ ಹಚ್ಚಿದ್ದು, ಒಂದು ಪತ್ರಿಕೆಗೆ ಎರಡು ಸಲ ಹಚ್ಚಿದ್ದು. ಬುಟ್ಟಿಯಲ್ಲಿ ಹುಡುಕಿ ಒಂದೇ ಅಳತೆಯ ಎರಡು ಸಣ್ಣ ಉಳ್ಳಾಗಡ್ಡಿ ಆರಿಸಿದ್ದು.

ಉಳ್ಳಾಗಡ್ಡಿ ಜೇಬಿನಲ್ಲಿಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಕನ್ನಡ ಮೇಷ್ಟ್ರು, ಮಕ್ಕಳಿಗೆ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುವವನು. ಆದರೂ ಅಂಗಿಯ ಜೇಬಿಗೆ ಒಂದು ಹಾಕಿಕೊಂಡೆ. ಇನ್ನೊಂದನ್ನು ಹೆಂಡತಿಗೆ ಕೊಟ್ಟೆ.

"ಮುತ್ತಿನ ಸರದ ಜೋಡಿ ಇದನ್ನೂ ಕೊಳ್ಳಾಗ ಹಾಕ್ಕೊಳ್ಳೇನು?" ಎಂದು ಕೇಳಿ ಅದನ್ನು ವಾಪಸು ಬುಟ್ಟಿಗೆ ಹಾಕಿದಳು.

ಇಷ್ಟೆಲ್ಲ ಮುಗಿಯುವಾಗ ಒಂಬತ್ತಾಗಿತ್ತು. ಬಿಸಿಲೇರುವುದರೊಳಗೆ ಮುಗಿಸಿಬಿಡೋಣ, ಸರಿಯಾಗಿ ಆರಕ್ಕೆ ಹೊರಡಬೇಕು ಎಂದು ಹಿಂದಿನ ದಿನ ಮನೆಮಂದಿಗೆಲ್ಲ ಅಪ್ಪಣೆ ಮಾಡಿದವನೂ ನಾನೇ.

ಮೇ ತಿಂಗಳು, ಶಾಲೆಗೆ ರಜೆ. ಮಗಳ ಮದುವೆಗೆ ಹದಿನೈದು ದಿನ ಉಳಿದಿತ್ತು. ಬಳ್ಳಾರಿಯೊಳಗಿನ ಪತ್ರಿಕೆಗಳನ್ನು ಕಂಟೋನ್ಮೆಂಟಿನ ತುದಿಯವರೆಗೂ ಹಂಚಿ ಮುಗಿಸಿದ್ದೆವು. ಸಿರುಗುಪ್ಪದ ಸೋದರಮಾವನ ಮನೆ, ಸಿರಿಗೇರಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಹಳೆಯ ಮೇಷ್ಟ್ರೊಬ್ಬರ ಮನೆ, ಕುರುಗೋಡಿನಲ್ಲಿ ನನ್ನ ಅಕ್ಕನ ಮನೆ, ಈ ಮೂರು ಬಾಕಿ. ಹತ್ತಿರದವರ ಮನೆಗೆ ಗಂಡ ಹೆಂಡತಿ ಜೋಡಿಯಾಗಿಯೇ ಹೋಗಿ, ಕುಂಕುಮ ಹಚ್ಚಿ, ಪತ್ರಿಕೆಯನ್ನು ಕೈಗೆ ಕೊಡಬೇಕು. ಫೋನಿನಲ್ಲಿ ಕಳಿಸಿದರೂ ಮದುವೆಗೆ ಬಂದು ಉಂಡೇ ಹೋಗುತ್ತಾರೆ, ಆದರೆ ಆ ಮಾತನ್ನು ನಮ್ಮ ಮೊಮ್ಮಕ್ಕಳ ಮದುವೆಯಲ್ಲಿ ಎತ್ತುತ್ತಾರೆ.

"ಅಪ್ಪಾ, ಕಾರ್ ಮಾಡ್ಕೊಂಡು ಹೋಗ್ರಿ," ಎಂದಳು ಮಗಳು. "ಆ ಬಿಸಲಾಗ ಅವ್ವಗ ಆಗೂದಿಲ್ಲ."

"ಮೂರು ಮನಿಗೆ ಕಾರ್ ಯಾಕಬೇ? ಬಳ್ಳಾರ್ಯಾಗ ಹುಟ್ಟಿದಾವ ಬಿಸಲಿಗೆ ಅಂಜಿ ಎಸಿ ಕಾರಿನಾಗ ಬಂದ ಅಂತ ನಮ್ಮ ಮಾವ ಮಂಟಪದಾಗ ಮೈಕ್ ಹಿಡಕೊಂಡು ಹೇಳ್ತಾನ."

"ಹೇಳ್ಲಿ ಬಿಡ್ರಿ. ಬಳ್ಳಾರ್ಯಾಗ ಹುಟ್ಟಿದ್ದು ನೀವು. ಅವ್ವ ಅಲ್ಲಲ್ಲ."

ನಾನು ಸ್ಕೂಟರಿಗೆ ಗಾಳಿ ಹೊಡೆಸಲು ಹೋದದ್ದು ಆಗಲೇ.

ನನ್ನ ಹೆಂಡತಿ ಧಾರವಾಡದವಳು. ಇಪ್ಪತ್ತಾರು ವರ್ಷದ ಹಿಂದೆ ಮದುವೆಯಾಗಿ ಬಂದ ವಾರದಲ್ಲಿ ಪಕ್ಕದ ಮನೆಯ ತೆಲುಗಿನ ಅಜ್ಜಿ ಇವಳ ಮುಖ ನೋಡಿ ಮರುಗಿ, "ಈ ಊರ್ಲೋ ಎಂಡ ಎಕ್ಕುವಮ್ಮಾ" ಎಂದರಂತೆ. ಈ ಊರಲ್ಲಿ ಬಿಸಿಲು ಜಾಸ್ತಿ ಕಣಮ್ಮಾ ಎಂದು ಆಕೆ ಹೇಳಿದ್ದು. ತೆಲುಗು ಬಾರದ ಇವಳ ಕಿವಿಗೆ ಅದು ಹೆಂಡ ಎಂದು ಬಿತ್ತು. ಎರಡು ದಿನ ನಾನು ಶಾಲೆಯಿಂದ ಬಂದ ಕೂಡಲೇ ಹತ್ತಿರ ಬಂದು ಬಾಯಿ ಮೂಸಿದಳು. ಹೊಸ ಮದುವೆಯ ಪ್ರೀತಿ ಎಂದು ನಾನು ತಿಳಿದೆ. ಆ ವಯಸ್ಸಿನಿಂದಲೂ ನನ್ನ ತಿಳಿವಳಿಕೆ ಈ ಮಟ್ಟದ್ದೇ.

ಬಳ್ಳಾರಿಯ ಬಿಸಿಲಿಗೆ ಅವಳು ಹೊಂದಿಕೊಳ್ಳಲಿಲ್ಲ. ಮಾರ್ಚ್ ಹುಟ್ಟಿದರೆ ಸಾಕು, ಕುಂತಲ್ಲಿ ನಿಂತಲ್ಲಿ "ಅಯ್ಯ ಶೆಕಿ, ಏನು ಶೆಕಿ" ಎಂಬ ಜಪ. ನನಗೆ ದಿನದ ಸಣ್ಣಪುಟ್ಟದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟ. ಎರಡು ಬೇಸಗೆಯಿಂದ ಅವಳು ದಿನಕ್ಕೆ ಎಷ್ಟು ಸಲ ಶೆಕಿ ಎಂದಳು ಎಂಬುದನ್ನೂ ಗೆರೆ ಎಳೆದು ಲೆಕ್ಕ ಇಡುತ್ತಿದ್ದೆ. ಸಾಯಂಕಾಲ ಓದಿ ತೋರಿಸುತ್ತಿದ್ದೆ. ಅವಳನ್ನು ನಗಿಸಲಿಕ್ಕೆ ಎಂದು ನನ್ನ ನಂಬಿಕೆ. ನಗುತ್ತಿದ್ದವನು ನಾನೊಬ್ಬನೇ.

ಮೊಬೈಲಿನಲ್ಲಿ ಬರುವ ಡಿಗ್ರಿಯನ್ನು ನಾನು ನಂಬುವುದಿಲ್ಲ. ನನ್ನದೇ ಅಳತೆ ಇದೆ. ಕೊಬ್ಬರಿ ಎಣ್ಣೆ ಕರಗಿದರೆ ಬೇಸಗೆ ಆರಂಭ. ಅಂಗಳದ ಬಂಡೆಯ ಮೇಲೆ ಚಪ್ಪಲಿಯಿಲ್ಲದೆ ತುಳಸಿಕಟ್ಟೆ ಸುತ್ತುವವರು ಕುಣಿದಂತೆ ಸುತ್ತತೊಡಗಿದರೆ ಏಪ್ರಿಲ್. ಗೇಟಿನ ಚಿಲಕ ತೆಗೆಯಲು ಸೀರೆಯ ಸೆರಗೋ ಟವೆಲ್ಲೋ ಬೇಕಾದರೆ ಮೇ. ಕಾಗೆ ಬಾಯಿ ತೆರೆದುಕೊಂಡು ಕೂತು ಕೂಗುವುದನ್ನೇ ಮರೆತರೆ ಅದು ನಿಜವಾದ ಬಿಸಿಲು, ಅಂಥ ದಿನ ನಾನು ಬೇಕೆಂದೇ ಟೋಪಿಯಿಲ್ಲದೆ ಸಂತೆಗೆ ಹೋಗಿ ಬರುತ್ತೇನೆ. ಯಾರಾದರೂ "ಏನ್ ಬಿಸಲ್ರೀ ಮಾಸ್ತರ" ಎಂದರೆ "ಇನ್ನೂ ಎಲ್ಲೈತಿ ಬಿಡ್ರಿ" ಎನ್ನುತ್ತೇನೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುವುದು ಬೇರೆ ಮಾತು.

ಇನ್ನು ನನ್ನ ಪಾಂಡಿತ್ಯ. ಸೆಕೆ ಎಂದರೆ ಬೆವರು ಎಂಬುದು ನನ್ನ ಸಿದ್ಧಾಂತ. ಕರಾವಳಿಯವರು ಸೆಕೆ ಎನ್ನಲಿ, ಅವರಿಗೆ ಹಕ್ಕಿದೆ, ಅಂಗಿ ಹಿಂಡಿದರೆ ನೀರು ಬರುತ್ತದೆ. ನಮ್ಮದು ಒಣ ಬಿಸಿಲು, ಬೆವರು ಹುಟ್ಟುವ ಮೊದಲೇ ಅದನ್ನು ಕುಡಿದುಬಿಡುತ್ತದೆ. ಇದಕ್ಕೆ ಝಳ ಎನ್ನಬೇಕು. ಹೆಂಡತಿ ಶೆಕಿ ಎಂದಾಗಲೆಲ್ಲ ನಾನು ಇದನ್ನು ತಿದ್ದುತ್ತಿದ್ದೆ.

"ಹೆಸರು ಏನರ ಇಡ್ರಿ," ಎನ್ನುತ್ತಿದ್ದಳು. "ಮೊದ್ಲು ಫ್ಯಾನ್ ಹಚ್ರಿ."

ಸಿರುಗುಪ್ಪ ಮುಟ್ಟಿದಾಗ ಹತ್ತೂವರೆ ದಾಟಿತ್ತು. ದಾರಿಯಲ್ಲಿ ಹದಿನಾಲ್ಕು ಸಲ ಶೆಕಿ ಎಂದಿದ್ದಳು. ಗೆರೆ ಎಳೆಯಲು ಕೈ ಖಾಲಿ ಇರಲಿಲ್ಲವಾದ್ದರಿಂದ ಬಾಯಲ್ಲೇ ಎಣಿಸಿಕೊಂಡು ಹೋದೆ.

ಮಾವ ಜಗಲಿಯ ಮೇಲೆ ಬರಿಮೈಯಲ್ಲಿ ಕೂತು ಒದ್ದೆ ಟವೆಲ್ ಹೊದ್ದುಕೊಂಡಿದ್ದ. "ಬರ್ರಿ ಬರ್ರಿ. ಏನಲೇ ಮಾಸ್ತರಾ, ಇಂಥಾ ಬಿಸಲಾಗ ಮಗಳ ಮದುವಿ ಇಟ್ಟೀಯಲ್ಲ, ಬೀಗರ ಮ್ಯಾಲೆ ಏನರ ಸಿಟ್ಟೈತೇನು?"

ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ದೊಡ್ಡ ಲೋಟಗಳಲ್ಲಿ ಮಜ್ಜಿಗೆ ಬಂದವು. ನಾನು ಎರಡು ಲೋಟ ಕುಡಿದೆ. ಹೆಂಡತಿ ತನ್ನ ಲೋಟವನ್ನು ನನ್ನ ಕಡೆ ಸರಿಸಿದಳು.

"ಯಾಕವ್ವಾ, ನೀನು ಕುಡಿ," ಎಂದ ಮಾವ.

"ಬ್ಯಾಡ್ರಿ ಮಾವಾರ, ಈಗ ಕುಡದು ಬಂದೀವ್ರಿ."

ಎಲ್ಲಿ ಕುಡಿದು ಬಂದಿದ್ದೆವು? ನಾನು ಕೇಳಲಿಲ್ಲ. ಮೂರನೆಯ ಲೋಟವನ್ನೂ ಕುಡಿದೆ. ಮಾವ ನಾಲ್ಕು ಗಂಟೆಯತನಕ ಮಲಗಿ ಹೋಗಿ ಎಂದು ಬಹಳ ಹೇಳಿದ. ಒಳಗಿನ ಕೋಣೆಗೆ ನೀರು ಚಿಮುಕಿಸಿ ಚಾಪೆ ಹಾಸಿಸಲೂ ಹೋದ. "ಮಾವಾ, ನಮ್ಮನ್ನೇನು ಬೆಣ್ಣಿಲೇ ಮಾಡ್ಯಾರೇನು?" ಎಂದು ನಾನು ಎದ್ದು ನಿಂತೆ. ಹೆಂಡತಿ ಆ ಚಾಪೆಯ ಕಡೆಗೊಮ್ಮೆ ನೋಡಿದ್ದು ನನಗೆ ಈಗಲೂ ನೆನಪಿದೆ. ಆಗ ಚಾಪೆಯ ನೇಯ್ಗೆ ಚೆನ್ನಾಗಿದೆ ಎಂದು ನೋಡುತ್ತಿದ್ದಾಳೆ ಎಂದುಕೊಂಡೆ.

ಸಿರಿಗೇರಿಯಲ್ಲಿ ಹಳೆಯ ಮೇಷ್ಟ್ರು ಹೊಲಕ್ಕೆ ಹೋಗಿದ್ದರು, ಸೊಸೆಯೊಬ್ಬಳೇ ಇದ್ದಳು. ಕುಂಕುಮ ಹಚ್ಚಿ ಪತ್ರಿಕೆ ಕೊಟ್ಟೆವು. ಆಕೆ ತಂದ ಚೊಂಬಿನ ನೀರನ್ನು ನನ್ನ ಹೆಂಡತಿ ತುಟಿಗೆ ಮುಟ್ಟಿಸಿ ಕೆಳಗಿಟ್ಟಳು. ಹೊರಗೆ ಬಂದು ಸ್ಕೂಟರ್ ಹತ್ತುವಾಗ ಒಂದು ಗಂಟೆ. ಸೀಟಿಗೆ ಹಾಸಿದ್ದ ಒದ್ದೆ ಗೋಣಿತಾಟು ಒಣಗಿ ಹಪ್ಪಳವಾಗಿತ್ತು.

"ತಲಿ ಸಿಡ್ಯಾಕತ್ತೈತ್ರಿ," ಎಂದಳು. "ಮತ್ತ ಬೆವರೇ ಬರವಲ್ದು ನೋಡ್ರಿ. ಬೆಳಿಗ್ಗಿ ಬ್ಲೌಸ್ ತೊಯ್ದು ತಪ್ಪಡಿ ಆಗಿತ್ತು. ಈಗ ಒಂದು ಹನಿ ಇಲ್ಲ."

ಇಪ್ಪತ್ತಾರು ವರ್ಷದ ನನ್ನ ಸಿದ್ಧಾಂತವನ್ನು ಅವಳೇ ಬಾಯಿ ಬಿಟ್ಟು ಒಪ್ಪಿಕೊಂಡ ಗಳಿಗೆ ಅದು. ನನಗೆ ಆದ ಸಂತೋಷ ಹೇಳತೀರದು.

"ಅದನ್ನೇ ನಾ ಇಷ್ಟು ವರ್ಷ ಬಡಕೊಂಡದ್ದು," ಎಂದೆ. "ಇದು ಸೆಕಿ ಅಲ್ಲ, ಝಳ. ಬೆವರು ಬಂದ್ರ ಸೆಕಿ. ಬರಲಿಲ್ಲಂದ್ರ ಝಳ. ಇವತ್ತು ನೀ ಬಳ್ಳಾರ್ಯಾಕಿ ಆದಿ ನೋಡು."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದೆ ಹತ್ತಿ ಕೂತಳು.

ಸಿರಿಗೇರಿ ಬಿಟ್ಟ ಮೇಲೆ ಒಂದು ಸಲವೂ ಶೆಕಿ ಎನ್ನಲಿಲ್ಲ. ರಸ್ತೆಯ ಮೇಲೆ ಮುಂದೆ ನೀರು ನಿಂತಂತೆ ಕಾಣುತ್ತಿತ್ತು, ಹತ್ತಿರ ಹೋದರೆ ಬರೀ ಡಾಂಬರು. ಗಾಳಿ ಇತ್ತು, ಒಲೆಯ ಬಾಯಿಂದ ಬರುವಂಥದು. ಕಣ್ಣಿನ ರೆಪ್ಪೆ ಬಡಿದರೆ ಒಳಗೆ ಮರಳು ಉಜ್ಜಿದಂತಾಗುತ್ತಿತ್ತು. ಇಷ್ಟಾದರೂ ಹಿಂದಿನ ಸೀಟು ಮೌನ. ಗೆದ್ದೆ ಎಂದುಕೊಂಡೆ. ಶೆಕಿಯ ಲೆಕ್ಕ ಸಿರಿಗೇರಿಗೇ ನಿಂತದ್ದನ್ನು ಮಗಳಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಹೊಂದಿಸುತ್ತಿದ್ದೆ.

ಅಷ್ಟರಲ್ಲಿ ಅವಳು ನನ್ನ ಬೆನ್ನಿಗೆ ತಲೆ ಆನಿಸಿದಳು.

ನಮ್ಮ ಪೈಕಿ ಗಂಡ ಹೆಂಡತಿ ಹೊರಗೆ ಹೀಗೆಲ್ಲ ಇರುವುದಿಲ್ಲ. ಸ್ಕೂಟರಿನ ಮೇಲೆ ಅವಳು ಯಾವಾಗಲೂ ಸ್ಟೆಪ್ನಿ ಹಿಡಿದು ಕೂರುವವಳು, ನನಗೂ ಅವಳಿಗೂ ಮಧ್ಯೆ ಒಂದು ಕೈಚೀಲ ಇರಲೇಬೇಕು. ಐವತ್ತಮೂರನೆಯ ವಯಸ್ಸಿನಲ್ಲಿ, ನಡುಮಧ್ಯಾಹ್ನ, ಲಾರಿಗಳು ಓಡಾಡುವ ರಸ್ತೆಯಲ್ಲಿ ನನಗೆ ನಾಚಿಕೆಯಾಯಿತು. ಯಾರಾದರೂ ಗುರುತಿನವರು ಎದುರಿಗೆ ಬಂದಾರೆಂದು ಸ್ವಲ್ಪ ನೆಟ್ಟಗೆ ಕೂತೆ, ಆದರೆ ಅವಳ ತಲೆ ಜಾರದಂತೆ ನೋಡಿಕೊಂಡೆ. ಅಂಗಿಯ ಮೂಲಕ ಅವಳ ಹಣೆ ಕಾದ ತವೆಯಂತೆ ತಾಗುತ್ತಿತ್ತು. ಬಿಸಿಲಿಗೆ ಎಲ್ಲರ ಹಣೆಯೂ ಹೀಗೇ ಇರುತ್ತದೆ ಎಂದುಕೊಂಡೆ.

"ಪಾಪು ಸಾಲಿ ಬಿಟ್ಟಿತೇನ್ರಿ?" ಎಂದು ಕೇಳಿದಳು.

ಪಾಪು ಎಂದರೆ ಮಗಳು. ಅವಳ ಲಗ್ನಪತ್ರಿಕೆ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ಮಗಳು ಮನೆ ಬಿಟ್ಟು ಹೋಗುತ್ತಾಳೆಂಬ ಸಂಕಟಕ್ಕೆ ಹೀಗೆ ತಮಾಷೆ ಮಾಡುತ್ತಿದ್ದಾಳೆಂದು ತಿಳಿದು, "ಐದಕ್ಕ ಬಿಡ್ತೈತಿ, ನೀ ಟಿಫಿನ್ ಡಬ್ಬಿ ತೊಳದಿಡು" ಎಂದು ನಾನೂ ಜೋರಾಗಿ ನಕ್ಕೆ. ಸ್ವಲ್ಪ ದೂರ ಹೋದ ಮೇಲೆ ಅದನ್ನೇ ಮತ್ತೆ ಕೇಳಿದಳು, ಅದೇ ದನಿಯಲ್ಲಿ. ಆಗ ನಾನು ನಗಲಿಲ್ಲ. ಆದರೆ ನಿಲ್ಲಿಸಲೂ ಇಲ್ಲ. ನಿಲ್ಲಿಸಲು ಒಂದು ಮರವೂ ಇರಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಎರಡು ಬೇವಿನ ಮರ ದಾಟಿದ್ದೆವು.

ಕುರುಗೋಡು ಹತ್ತಿರವಾದಂತೆ ಬಂಡೆಗುಡ್ಡಗಳು ಬೆಳಗಿನಿಂದ ನುಂಗಿದ್ದ ಬಿಸಿಲನ್ನು ಮುಖಕ್ಕೆ ಉಗುಳುತ್ತಿದ್ದವು. ಅಕ್ಕನ ಮನೆಯ ಮುಂದೆ ನಿಂತಾಗ ಹೆಂಡತಿ ಇಳಿದದ್ದು ಬಿದ್ದಂತೆಯೇ ಇತ್ತು. ಅಕ್ಕ ಪದ್ಧತಿಯಂತೆ ಕಾಲಿಗೆ ನೀರು ತಂದಳು. ನನ್ನ ಹೆಂಡತಿ ಚೀಲದಿಂದ ಕುಂಕುಮದ ಭರಣಿ ತೆಗೆದು, ಅಕ್ಕನನ್ನು ದಾಟಿ ಹೋಗಿ, ಪಡಸಾಲೆಯ ಕಂಬಕ್ಕೆ ಕುಂಕುಮ ಹಚ್ಚಿ, "ತಪ್ಪದ ಬರಬೇಕ್ರಿ, ಎಲ್ಲಾರೂ ಬರಬೇಕು" ಎಂದು ಕರೆದಳು.

ಅಕ್ಕ ಚೊಂಬು ಕೆಳಗಿಟ್ಟು ಅವಳ ಕತ್ತಿಗೆ ಕೈ ಹಚ್ಚಿದಳು. "ಲೇ ತಮ್ಮಾ! ಮೈ ಸುಡಾಕತ್ತೈತಲ್ಲೋ! ಒಂದು ಹನಿ ಬೆವರಿಲ್ಲ!"

"ಝಳಕ್ಕ ಬೆವರು..." ಎಂದು ನಾನು ಶುರು ಮಾಡಿದೆ. ದೇವರಾಣೆ, ಹಾಗೇ ಶುರು ಮಾಡಿದೆ.

"ಬಾಯಿ ಮುಚ್ಚು. ಕೊಡ ತಗೊಂಬಾ."

ಅವಳನ್ನು ಪಡಸಾಲೆಯ ಬಂಡೆಯ ಮೇಲೆ ಮಲಗಿಸಿದೆವು. ಅಕ್ಕ ಸೀರೆಯ ಮೇಲೆಯೇ ಕೊಡದ ನೀರು ಸುರಿದಳು, ಇನ್ನೊಂದು ಕೊಡ ಸುರಿದಳು, ಕಂಕುಳಿಗೆ ಕತ್ತಿಗೆ ಒದ್ದೆ ಬಟ್ಟೆ ಇಟ್ಟು ಮೊರದಿಂದ ಗಾಳಿ ಹಾಕಿದಳು. ನಾನು ಬಗ್ಗಿದಾಗ ನನ್ನ ಜೇಬಿನಿಂದ ಉಳ್ಳಾಗಡ್ಡಿ ಜಾರಿ ಅವಳ ಕೆನ್ನೆಯ ಪಕ್ಕ ಬಿತ್ತು. ಅಕ್ಕ ಅದನ್ನೂ ನನ್ನನ್ನೂ ನೋಡಿ, ಎತ್ತಿ ಅಂಗಳಕ್ಕೆ ಎಸೆದಳು. ಏನಾದರೂ ಮಾಡಬೇಕೆಂದು ನಾನು ಅಡುಗೆಮನೆಗೆ ಓಡಿ ಮಜ್ಜಿಗೆ ತಂದು ಬಾಯಿಗೆ ಹಿಡಿಯಲು ಹೋದೆ. ಅಕ್ಕ ಕೈಗೆ ಹೊಡೆದಳು. "ಎಚ್ಚರಿಲ್ಲದಾಕಿ ಬಾಯಾಗ ಸುರೀತೀಯಲ್ಲ, ನೆತ್ತಿಗೇರಿದ್ರ? ಹೋಗು, ಆಟೋ ಕರಿ!"

ಓಡಿದೆ. ಚಪ್ಪಲಿ ಮರೆತು ಓಡಿದೆ. ಬಂಡೆ, ಡಾಂಬರು, ಮಣ್ಣು, ಮೂರರ ಬಿಸಿಯಲ್ಲೂ ಏನು ವ್ಯತ್ಯಾಸವೆಂಬುದು ಅಂದು ಅಂಗಾಲಿಗೆ ತಿಳಿಯಿತು. ಆಗ ಬಾಯಲ್ಲಿ ಬಂದ ಒಂದೇ ಶಬ್ದ "ಅಯ್ಯಯ್ಯಯ್ಯೋ". ಅದಕ್ಕೆ ಬೇರೆ ಹೆಸರು ನನಗೆ ಹೊಳೆಯಲಿಲ್ಲ.

ದವಾಖಾನೆಯಲ್ಲಿ ಅವಳಿಗೆ ಸಲೈನ್ ಹಚ್ಚಿ, ಮೈಮೇಲೆ ಒದ್ದೆ ಬಟ್ಟೆ ಹೊದಿಸಿ, ಎರಡು ಫ್ಯಾನ್ ಅವಳ ಕಡೆಗೇ ತಿರುಗಿಸಿದರು. ಅವಳು ಕಣ್ಣು ಅರ್ಧ ತೆರೆದಿದ್ದಳು, ಆದರೆ ನಾನು ಕರೆದರೆ ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಪೆನ್ನು ಹಿಡಿದು ಬಂದಳು.

"ನೀರು ಕಡೀಗೆ ಯಾವಾಗ ಕುಡದಾರ್ರಿ?"

"ಬೆಳಿಗ್ಗಿ... ಕುಡದಿರಬೇಕು."

"ಎಷ್ಟೊತ್ತಿಗೆ? ಮತ್ತ ಮೂತ್ರಕ್ಕ ಕಡೀಗೆ ಯಾವಾಗ ಹೋಗಿದ್ರು?"

ನಾನು ಮಾವನ ಮನೆಯಲ್ಲಿ ಎಷ್ಟು ಗಂಟೆಗೆ ಎಷ್ಟು ಲೋಟ ಮಜ್ಜಿಗೆ ಕುಡಿದೆ ಎಂದು ಹೇಳಬಲ್ಲೆ. ಬಜ್ಜಿ ಎಷ್ಟು ತಿಂದೆ ಎಂಬುದನ್ನೂ ಹೇಳಬಲ್ಲೆ. ಅವಳು ಎಷ್ಟು ಸಲ ಶೆಕಿ ಎಂದಳೆಂದು ಕೇಳಿದ್ದರೆ ತಟ್ಟನೆ ಹೇಳುತ್ತಿದ್ದೆ. ನರ್ಸ್ ಕೇಳಿದ್ದು ಅದನ್ನಲ್ಲ.

"ಅವಂಗೇನು ಗೊತ್ತಾಗ್ತೈತವ್ವ," ಎಂದಳು ಅಕ್ಕ. "ಅವನು ಬಿಸಲಿನ ಮ್ಯಾಲೆ ಪಾಠ ಮಾಡಾವ."

ಡಾಕ್ಟರು ಬಂದು ನೋಡಿದರು. "ಇನ್ನೊಂದು ತಾಸು ರಸ್ತೆ ಮ್ಯಾಲಿದ್ದಿದ್ರ ಮಾತು ಬ್ಯಾರೆ ಇತ್ತು ಮಾಸ್ತರ," ಎಂದು ಮೆಲ್ಲಗೆ ಹೇಳಿದರು. "ಈಗೂ ಸಂಜಿತನ ಏನೂ ಹೇಳಾಕಾಗೂದಿಲ್ಲ. ಕಾಯೋಣ."

ಕಾದೆವು. ಮಗಳಿಗೆ ಫೋನ್ ಮಾಡಿದೆ. ಅವಳು "ಬರ್ತೀನಿ" ಎಂದಷ್ಟೇ ಹೇಳಿ ಇಟ್ಟಳು. ಹದಿನೈದು ದಿನದಲ್ಲಿ ಮಂಟಪದಲ್ಲಿ ಧಾರೆ ಎರೆಯಲು ಜೋಡಿಯಾಗಿ ನಿಲ್ಲಬೇಕಾದವರು ನಾವು. ನನ್ನ ಪಕ್ಕದ ಜಾಗ ಖಾಲಿ ಇರುವಂತೆ ಒಂದು ಸಲ ಕಣ್ಣಿಗೆ ಕಟ್ಟಿತು. ಎದ್ದು ಹೋಗಿ ಒದ್ದೆ ಬಟ್ಟೆಯನ್ನು ಮತ್ತೆ ನೀರಲ್ಲಿ ಅದ್ದಿ ತಂದೆ. ಅದನ್ನೇ ಎಷ್ಟೋ ಸಲ ಮಾಡಿದೆ. ಅದು ಬೇಡವಾದಾಗಲೂ ಮಾಡಿದೆ ಎಂದು ನರ್ಸ್ ಬೈದಳು.

ನಾಲ್ಕೂವರೆಯ ಸುಮಾರಿಗೆ ಅವಳ ಹಣೆಯ ಅಂಚಿನಲ್ಲಿ ಸಣ್ಣಗೆ ಹನಿ ಕಂಡಿತು. ಬಟ್ಟೆಯ ನೀರೋ ಎಂದು ಒರೆಸಿ ನೋಡಿದೆ. ಮತ್ತೆ ಬಂತು. ಬೆವರು. ಅಷ್ಟು ಸಂತೋಷದಿಂದ ನಾನು ಇನ್ನೊಬ್ಬರ ಬೆವರನ್ನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಅವಳ ಕಣ್ಣುಗಳು ಗೋಡೆಯಿಂದ ನನ್ನ ಮುಖಕ್ಕೆ ಬಂದು ನಿಂತವು.

"ಅಕ್ಕಾರಿಗೆ ಪತ್ರಿಕಿ ಕೊಟ್ರೇನ್ರಿ?" ಎಂದಳು.

ಕೊಟ್ಟಿರಲಿಲ್ಲ. ಪತ್ರಿಕೆ ಡಿಕ್ಕಿಯಲ್ಲಿತ್ತು, ಸ್ಕೂಟರು ಅಕ್ಕನ ಮನೆಯ ಮುಂದಿತ್ತು. ಅಕ್ಕ ಅಳುತ್ತಾ ನಗುತ್ತಾ, "ಕಂಬಕ್ಕ ಕೊಟ್ಟೀಯಲ್ಲಬೇ, ಅದು ಬರ್ತೈತಿ ಮದುವಿಗೆ, ನನಗ್ಯಾಕ?" ಎಂದಳು.

"ಯಾ ಕಂಬ?" ಎಂದು ಇವಳು ಕೇಳಿದಳು. ಸಿರಿಗೇರಿಯ ನಂತರದ್ದು ಒಂದೂ ನೆನಪಿರಲಿಲ್ಲ. ನನ್ನ ಬೆನ್ನಿಗೆ ತಲೆ ಆನಿಸಿದ್ದೂ ನೆನಪಿರಲಿಲ್ಲ. ನಾನು ನೆನಪು ಮಾಡಿಕೊಡಲು ಹೋಗಲಿಲ್ಲ.

ಸುಧಾರಿಸಿಕೊಂಡ ಮೇಲೆ ಕೇಳಿದೆ, ಮಾವನ ಮನೆಯಲ್ಲಿ ಮಜ್ಜಿಗೆ ಯಾಕೆ ಬಿಟ್ಟೆ ಎಂದು.

"ಕುಡದ್ರ ಆಮ್ಯಾಲೆ ಎಲ್ಲಿ ಹೋಗ್ಬೇಕ್ರಿ? ನಿಮಗೇನು, ಬೇಲಿ ಸಾಕು."

"ಮಾವನ ಮನ್ಯಾಗ ಕೇಳಬಹುದಿತ್ತಲ್ಲ."

"ಪತ್ರಿಕಿ ಕೊಡಾಕ ಹೋದಾಕಿ, ಹೊಸ್ತಿಲ ದಾಟಿದ ಕೂಡ್ಲೆ ಬಚ್ಚಲ ಎಲ್ಲೈತ್ರಿ ಅಂತ ಕೇಳ್ಲೇನು? ಗಂಡಸರೆಲ್ಲಾ ಜಗಲಿ ಮ್ಯಾಲೆ ಕುಂತಿದ್ರು." ಸ್ವಲ್ಪ ಉಸಿರು ತೆಗೆದುಕೊಂಡಳು. "ಎಲ್ಲಿಗರ ಹೊಂಟ್ರ ಹಿಂದಿನ ರಾತ್ರಿಲಿಂದನೇ ನೀರು ಕಮ್ಮಿ ಮಾಡ್ತೀನ್ರಿ. ಮದುವಿ ಆದಾಗಿಂದ ಹಂಗೇ ಮಾಡ್ಕೊಂಡು ಬಂದೀನಿ. ನಿಮಗ ಗೊತ್ತಿರಲಿಲ್ಲೇನು?"

ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. "ನಾವೆಲ್ಲಾ ಹಂಗೇ ಅಲ್ಲೇನು," ಎಂದಳು, ಅದು ಹೇಳುವಂಥ ಮಾತೇ ಅಲ್ಲವೆಂಬಂತೆ. ಪೆನ್ನು ಹಿಡಿದ ನರ್ಸೂ ತಲೆಯಾಡಿಸಿದಳು. ಆ ಕೋಣೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ.

ಆರಕ್ಕೆ ಮಗಳು ಕಾರು ಮಾಡಿಕೊಂಡು ಬಂದಳು. ಬೈಯುತ್ತಾಳೆಂದು ತಯಾರಾಗಿ ನಿಂತಿದ್ದೆ. ತಾಯಿಯ ಕೈ ಹಿಡಿದು ಬಹಳ ಹೊತ್ತು ಕೂತವಳು, ನನ್ನ ಕಡೆ ಅಂಗೈ ಚಾಚಿ, "ಸ್ಕೂಟರ್ ಕೀಲಿ ಕೊಡ್ರಿ ಅಪ್ಪಾ" ಎಂದಳು. ಕೊಟ್ಟೆ. ಪರ್ಸಿನಲ್ಲಿ ಹಾಕಿ ಜಿಪ್ ಎಳೆದುಕೊಂಡಳು. ಅದು ಇವತ್ತಿಗೂ ಅವಳ ಹತ್ತಿರವೇ ಇದೆ, ಗಂಡನ ಮನೆಯಲ್ಲಿ.

ರಾತ್ರಿ ಇಲ್ಲೇ ಇರಲಿ, ಎಚ್ಚರಿದ್ದಾಗಲೆಲ್ಲ ಸ್ವಲ್ಪ ಸ್ವಲ್ಪ ಓಆರ್‌ಎಸ್ ನೀರು ಕುಡಿಸಬೇಕು ಎಂದು ಡಾಕ್ಟರು ಹೇಳಿ ಹೋದರು. ಆ ಕೆಲಸ ನನಗೇ ಬೇಕೆಂದು ಹಟ ಹಿಡಿದೆ. ಲೋಟ, ಚಮಚ, ಬಾಟಲಿ ಎಲ್ಲವನ್ನೂ ಸ್ಟೂಲಿನ ಮೇಲೆ ಸಾಲಾಗಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಅಕ್ಕ ಡಬ್ಬಿಯಲ್ಲಿ ಮೆತ್ತಗಿನ ಅನ್ನ, ನೀರು ಮಜ್ಜಿಗೆ, ಹೆಸರುಬೇಳೆ ಕಟ್ಟು, ನನಗೆಂದು ಬೇರೆ ಕಟ್ಟಿದ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ತಂದಳು. ಹೆಂಡತಿ ಆರು ಚಮಚ ಅನ್ನ ಉಂಡು ಸಾಕೆಂದಳು. ಮಗಳು ಒಂದು ರೊಟ್ಟಿ ತಿಂದಳು. ಇನ್ನೊಂದು ರೊಟ್ಟಿ, ಪಲ್ಯ, ಉಳಿದ ಅನ್ನ, ಕಟ್ಟು ಎಲ್ಲ ನನ್ನ ಪಾಲಿಗೆ ಬಂದವು, ಒಂದನ್ನೂ ಬಿಡಲಿಲ್ಲ. ಎಂಟಕ್ಕೆ ಐದು ನಿಮಿಷ ಇದ್ದಾಗ ಗಡಿಯಾರ ನೋಡಿದ್ದು ನೆನಪಿದೆ. ಮೊದಲು ನಿದ್ದೆ ಹೋದವನು ನಾನೇ. ಮಗಳು ಹೇಳಿದ್ದು: ಅವಳವ್ವ ನನ್ನ ಕೈಯಿಂದ ಲೋಟ ಬಿಡಿಸಿಕೊಂಡು, ತಾನೇ ಬಗ್ಗಿಸಿಕೊಂಡು ತುಂಬ ಕುಡಿದಳಂತೆ, ಎರಡು ಸಲ ಎದ್ದು ಬಚ್ಚಲಿಗೆ ಹೋಗಿ ಬಂದಳಂತೆ, ಆಮೇಲೆ ಮಲಗಿದಳಂತೆ.